ಬೋರಲು ಮಲಗಿಸಿದ ಮರಿಗಳು

ಪ್ರಾಣಿಮನೆಯಲ್ಲಿ ಆಕೆಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಆಕೆಗಿಂತ ಆರು ವರ್ಷ ಹಿರಿಯರಾದ, ಅಲ್ಲಿನ ಮುಖ್ಯಸ್ಥ ದೊಡ್ಡ ಸಾಹೇಬರೂ ಹಾಗೇ ಕರೆಯುತ್ತಿದ್ದರು. "ಲೆಕ್ಕ ಹಾಕಿದ್ರೆ ನೀವೇ ನನಗೆ ದೊಡ್ಡಪ್ಪ ಆಗ್ಬೇಕು ಸಾರ್" ಎಂದು ಒಮ್ಮೆ ಮುಖಕ್ಕೇ ಹೇಳಿದ್ದಳು. ಅವರು ನಕ್ಕರು, ಮರುದಿನದಿಂದ ಮತ್ತೆ ದೊಡ್ಡಮ್ಮ ಎಂದೇ ಕರೆದರು.

ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಟ್ಟಡವನ್ನು ದಾಟಿದರೆ ಬೋರ್ಡು ಗೀರ್ಡು ಏನೂ ಇಲ್ಲದ ಉದ್ದನೆಯದೊಂದು ಕಟ್ಟಡವಿದೆ. ಪ್ರಯೋಗಕ್ಕೆ ಪ್ರಾಣಿಗಳನ್ನು ಸಾಕುವ ಪ್ರಾಣಿಮನೆ ಅದೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಒಳಗೆ ಹೋದರೆ ಅರ್ಧ ಫಿನಾಯಿಲ್, ಅರ್ಧ ಒಣಹುಲ್ಲಿನ ವಾಸನೆ. ಎಡಗಡೆ ಇಲಿಗಳ ಕೋಣೆ, ಬಲಗಡೆ ಮೊಲಗಳದ್ದು, ಕೊನೆಯಲ್ಲಿ ಕುರಿಗಳ ಕೊಟ್ಟಿಗೆ. ಕೊಟ್ಟಿಗೆಗೆ ಅಂಟಿಕೊಂಡಂತೆ ಬಿಳಿ ಟೈಲ್ಸ್ ಹಾಕಿದ, ಎರಡು ಮೇಜುಗಳ ಒಂದು ಚಿಕ್ಕ ಕೋಣೆ. ದೊಡ್ಡಮ್ಮ ಹದಿನಾರು ವರ್ಷ ದುಡಿದದ್ದು ಇಲ್ಲೇ. ಬದುಕಿನಲ್ಲಿ ಆಕೆ ಮಾಡಿದ ಅತಿ ದೊಡ್ಡ ತಪ್ಪು ನಡೆದದ್ದೂ ಆ ಚಿಕ್ಕ ಕೋಣೆಯಲ್ಲೇ. ತಪ್ಪು ಎಂಬ ಮಾತು ನನ್ನದಲ್ಲ, ಆಕೆಯದೇ. ನನ್ನನ್ನು ಕೇಳಿದರೆ ಅದಕ್ಕೆ ಇನ್ನೊಂದು ಹೆಸರು ಹುಡುಕುತ್ತಿದ್ದೆ, ಆದರೆ ನನ್ನನ್ನು ಯಾರು ಕೇಳುತ್ತಾರೆ.

ಮೊದಲು ಆಕೆಯ ಕಥೆ ಸ್ವಲ್ಪ ಹೇಳಬೇಕು. ಹತ್ತೊಂಬತ್ತಕ್ಕೆ ಮದುವೆ. ಗಂಡ ಬಡಗಿ, ಬಾಗಿಲು ಕಿಟಕಿ ಮಾಡುವವನು, ಮಾತು ಕಡಿಮೆ. ಇಪ್ಪತ್ತಕ್ಕೆ ಮೊದಲ ಹೆರಿಗೆ, ಏಳು ತಿಂಗಳಿಗೇ. ಹೆಣ್ಣು ಕೂಸು, ಬಡಗಿಯ ಅಂಗೈಯಲ್ಲಿ ಹಿಡಿಸುವಷ್ಟು. ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದರು. ಉಸಿರು ಎಳೆದಾಗಲೆಲ್ಲ ಅದರ ಪಕ್ಕೆಲುಬಿನ ಕೆಳಗೆ ಒಂದು ಗುಳಿ ಬೀಳುತ್ತಿತ್ತು, ಬಿಟ್ಟಾಗ ತುಂಬುತ್ತಿತ್ತು. ಗಾಜಿಗೆ ಹಣೆ ಒತ್ತಿ ತಾಯಿ ಎರಡು ದಿನ ಆ ಗುಳಿಯನ್ನೇ ನೋಡುತ್ತ ನಿಂತಳು. "ಮುಟ್ಟಬೇಡಿ ಅಮ್ಮಾ, ಸೋಂಕಾಗುತ್ತೆ" ಎಂದು ನರ್ಸು ಹೇಳಿದ್ದಳು. ಮುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ಅದೇ ನರ್ಸು ಪೆಟ್ಟಿಗೆಯ ಮುಚ್ಚಳ ತೆಗೆದು, "ಈಗ ಎತ್ಕೋಬಹುದು" ಎಂದಳು. ಕೂಸು ಇನ್ನೂ ಬೆಚ್ಚಗಿತ್ತು.

ವರ್ಷ ಕಳೆಯುವುದರೊಳಗೆ ಅದೇ ಮೂರನೇ ಮಹಡಿಯಲ್ಲಿ ಆಯಾ ಕೆಲಸಕ್ಕೆ ಸೇರಿಕೊಂಡಳು. ಗಂಡನ ಅಕ್ಕ ಬಾಯಿ ಬಡಿದುಕೊಂಡಳು. "ಸುಟ್ಟ ಒಲೆಗೇ ಹೋಗಿ ಮತ್ತೆ ಕೈ ಇಡ್ತೀಯಲ್ಲೇ, ನಿನಗೇನು ಬುದ್ಧಿ ಕೆಟ್ಟಿದೆಯಾ?" ದೊಡ್ಡಮ್ಮನ ಕೈಗಳಿಗೆ ಕೆಲಸ ಬೇಕಾಗಿತ್ತು, ಅಷ್ಟೆ. ಹದಿನೆಂಟು ವರ್ಷ ಆ ವಾರ್ಡಿನಲ್ಲಿ ಹೊಲಸು ಬಟ್ಟೆ ತೆಗೆದಳು, ಹಾಲು ಅಳೆದಳು, ತಾಯಂದಿರ ಬೆನ್ನು ಸವರಿದಳು. ಆಮೇಲೆ ಹುಟ್ಟಿದ ಮಗ ಗಟ್ಟಿಮುಟ್ಟಾಗಿ ಬೆಳೆದು ಈಗ ಲಾರಿ ಓಡಿಸುತ್ತಾನೆ.

ಆ ವಾರ್ಡಿನ ಹಿರಿಯ ನರ್ಸಿನಿಂದ ಆಕೆ ಕಲಿತ ವಿದ್ಯೆ ಒಂದಿತ್ತು. ಉಸಿರಾಟದ ಯಂತ್ರಕ್ಕೆ ಹಾಕಿದ ಕೂಸು ತೀರಾ ಒದ್ದಾಡುತ್ತಿದ್ದರೆ ಮೆಲ್ಲಗೆ ಬೋರಲು ಮಲಗಿಸುವುದು. ಬಾಯಿಯ ನಳಿಕೆಯನ್ನು ಎರಡು ಬೆರಳ ನಡುವೆ ಹಿಡಿದು, ತಲೆಯನ್ನೂ ಸೊಂಟವನ್ನೂ ಒಟ್ಟಿಗೆ ತಿರುಗಿಸಬೇಕು. ನಳಿಕೆ ಕೂದಲೆಳೆಯಷ್ಟು ಜಾರಿದರೂ ಮುಗಿಯಿತು. ಬೆನ್ನ ಕಡೆಯ ಶ್ವಾಸಕೋಶ ತೆರೆದುಕೊಂಡು ಯಂತ್ರದ ಮೇಲಿನ ಆಕ್ಸಿಜನ್ ನಂಬರು ನಿಧಾನಕ್ಕೆ ಮೇಲೇರುತ್ತದೆ. "ನಿನ್ನ ಕೈ ನನಗಿಂತ ಹಗುರ ಕಣೇ" ಎಂದು ಹಿರಿಯ ನರ್ಸು ಹೇಳಿದ್ದಳು. ಕಲಿಸಿದವಳು ನಿವೃತ್ತಳಾಗಿ ಹೋದಳು, ಸೊಂಟನೋವು ಶುರುವಾಗಿ ದೊಡ್ಡಮ್ಮನನ್ನು ಮೆಟ್ಟಿಲಿಲ್ಲದ ಪ್ರಾಣಿಮನೆಗೆ ವರ್ಗ ಮಾಡಿದರು, ಆ ಕೈ ಮಾತ್ರ ಮರೆಯಲಿಲ್ಲ.

ಡಾಕ್ಟರಮ್ಮ ಬಂದದ್ದು ನಾಲ್ಕು ವರ್ಷದ ಹಿಂದೆ. ಮೂವತ್ತೆರಡರ ಹೆಣ್ಣುಮಗಳು, ಕನ್ನಡಕ, ಊಟದ ಡಬ್ಬಿ ತೆರೆಯಲು ಮರೆಯುವ ಸ್ವಭಾವ. ಅವರ ಸಂಶೋಧನೆ ಅವಧಿಗೆ ಮುಂಚೆ ಹುಟ್ಟುವ ಕೂಸುಗಳ ಉಸಿರಿನ ಬಗ್ಗೆ. ಒಂದು ದಿನ ಹುಲ್ಲಿನ ಮೂಟೆಯ ಮೇಲೆ ಕೂತು ದೊಡ್ಡಮ್ಮನಿಗೆ ಬಿಡಿಸಿ ಹೇಳಿದ್ದರು.

"ಬೇಗ ಹುಟ್ಟಿದ ಕೂಸಿನ ಶ್ವಾಸಕೋಶ ಒದ್ದೆ ಪ್ಲಾಸ್ಟಿಕ್ ಚೀಲದ ಥರ ಒಳಗೇ ಅಂಟ್ಕೊಂಡಿರುತ್ತೆ ದೊಡ್ಡಮ್ಮ. ಅದು ಬಿಡಿಸ್ಕೊಳ್ಳೋಕೆ ಒಂದು ನೊರೆ ಔಷಧಿ ಈಗಾಗ್ಲೇ ಇದೆ. ಆದ್ರೆ ಯಂತ್ರ ಗಾಳಿ ಒತ್ತಿ ಒತ್ತಿ ಒಳಗೆಲ್ಲ ಬಾವು ಬರುತ್ತೆ. ಆ ಬಾವೇ ಎಷ್ಟೋ ಕೂಸುಗಳನ್ನ ತಗೊಂಡು ಹೋಗೋದು. ನಾನು ಮಾಡ್ತಿರೋದು ಆ ಬಾವು ಇಳಿಸೋ ಔಷಧಿ."

"ಅದು ಬಂದ್ರೆ ಕೂಸು ಉಳಿಯುತ್ತಾ?"

"ಎಲ್ಲಾ ಅಲ್ಲ. ಕೆಲವು."

ಕೆಲವು ಎಂದರೆ ಸಾಕಾಗಿತ್ತು ದೊಡ್ಡಮ್ಮನಿಗೆ. ಅಂದಿನಿಂದ ಡಾಕ್ಟರಮ್ಮನ ಊಟದ ಡಬ್ಬಿ ತೆರೆಸುವ ಜವಾಬ್ದಾರಿಯನ್ನು ತಾನೇ ವಹಿಸಿಕೊಂಡಳು.

ಪ್ರಯೋಗ ನಡೆಯುತ್ತಿದ್ದದ್ದು ಹೀಗೆ. ಅವಳಿ ಮರಿ ಇರುವ ಗಬ್ಬದ ಕುರಿಗಳನ್ನು ಮಾತ್ರ ತರಿಸುತ್ತಿದ್ದರು. ಹೆರುವ ದಿನಕ್ಕೆ ಎರಡೂವರೆ ವಾರ ಮುಂಚೆಯೇ ಕುರಿಗೆ ಮಂಪರು ಕೊಟ್ಟು, ಹೊಟ್ಟೆ ಕೊಯ್ದು, ಮರಿಗಳೆರಡನ್ನೂ ಹೊರತೆಗೆದು, ಎರಡು ಮೇಜಿನ ಮೇಲೆ ಅಂಗಾತ ಮಲಗಿಸಿ ಯಂತ್ರಕ್ಕೆ ಹಾಕುವುದು. ಎರಡಕ್ಕೂ ನೊರೆ ಔಷಧಿ. ಅದರ ಜೊತೆ ಒಂದಕ್ಕೆ ಡಾಕ್ಟರಮ್ಮನ ಹೊಸ ಔಷಧಿ, ಇನ್ನೊಂದಕ್ಕೆ ಬರೀ ಉಪ್ಪುನೀರು. ಶೀಶೆಗಳ ಮೇಲೆ ನಂಬರು ಮಾತ್ರ. ಯಾವುದರಲ್ಲಿ ಏನಿದೆ ಎಂದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದಂತೆ. ಗುಟ್ಟು ದೊಡ್ಡ ಸಾಹೇಬರ ಬೀರುವಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿ. ಆರು ಗಂಟೆ ಯಂತ್ರದ ಮೇಲೆ ಇಟ್ಟು, ಆಮೇಲೆ ಎರಡೂ ಮರಿಗಳಿಗೆ ಕೊನೆಯ ಸೂಜಿ ಕೊಟ್ಟು, ಶ್ವಾಸಕೋಶ ತೆಗೆದು ಬಾವು ಎಷ್ಟಿದೆ ಎಂದು ಅಳೆಯುತ್ತಿದ್ದರು. ಮರಿಗಳು ಎಚ್ಚರಗೊಳ್ಳುತ್ತಿರಲಿಲ್ಲ. ಹೊಲಿಗೆ ಹಾಕಿಸಿಕೊಂಡ ತಾಯಿಕುರಿ ಕೊಟ್ಟಿಗೆಗೆ ಮರಳಿ, ಎರಡು ದಿನ ಕೂಗಿ, ಮೂರನೇ ದಿನ ಮೇವಿಗೆ ಬಾಯಿ ಹಾಕುತ್ತಿತ್ತು. ಆ ಎರಡು ದಿನ ದೊಡ್ಡಮ್ಮ ಅದರ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದಳು.

ಸಹಾಯಕ್ಕಿದ್ದ ಟೆಕ್ನೀಷಿಯನ್ ಅರ್ಧದಲ್ಲೇ ಬೇರೆ ವಿಭಾಗಕ್ಕೆ ಹೋದ. ಮಧ್ಯಾಹ್ನ ರಕ್ತದ ಮಾದರಿಯನ್ನು ಐಸಿನಲ್ಲಿಟ್ಟುಕೊಂಡು ಎದುರಿನ ಕಟ್ಟಡದ ಲ್ಯಾಬಿಗೆ ಡಾಕ್ಟರಮ್ಮನೇ ಓಡಬೇಕಾಯಿತು. ಹೋಗಿ, ಪರೀಕ್ಷೆ ಮುಗಿಸಿ ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಸ್ಟೂಲಿನ ಮೇಲೆ ದೊಡ್ಡಮ್ಮ. ಐದೈದು ನಿಮಿಷಕ್ಕೆ ಎರಡೂ ಮರಿಗಳ ನಂಬರು ಪುಸ್ತಕದಲ್ಲಿ ಬರೆಯಬೇಕು. ನಂಬರು ಅರವತ್ತಕ್ಕಿಂತ ಕೆಳಗಿಳಿದರೆ ಲ್ಯಾಬಿನಲ್ಲಿ ಸದ್ದಾಗುವ ಗೋಡೆಯ ಬೆಲ್ ಒತ್ತಬೇಕು. ಮತ್ತೇನೂ ಮಾಡುವ ಹಾಗಿಲ್ಲ. ಮರಿಗಳನ್ನು ಮುಟ್ಟಬಾರದು ಎಂದು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಯಾಕೆ ಮುಟ್ಟಬಾರದು ಎಂದು ಮಾತ್ರ ಗೋಡೆಯೂ ಹೇಳಲಿಲ್ಲ, ಡಾಕ್ಟರಮ್ಮನೂ ಹೇಳಲಿಲ್ಲ.

ಎರಡನೇ ಕುರಿಯ ಮರಿಗಳ ದಿನ ಅದು ಮೊದಲು ನಡೆಯಿತು. ಬಲ ಮೇಜಿನ ಮರಿ ಆರಾಮಾಗಿತ್ತು. ಎಡ ಮೇಜಿನದ್ದು, ಒಂದು ಕಿವಿ ಕಪ್ಪಗಿದ್ದದ್ದು, ಎಪ್ಪತ್ತೆರಡಕ್ಕೆ ಇಳಿದಿತ್ತು. ಅದರ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು, ತುಂಬುತ್ತಿತ್ತು. ದೊಡ್ಡಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು. ನಾಲ್ಕು ಕಾಲಿನ ಪ್ರಾಣಿಯನ್ನು ಅಂಗಾತ ಕೆಡವಿದರೆ ಉಸಿರಾಡುವುದಾದರೂ ಹೇಗೆ ಎಂದುಕೊಂಡಳು. ಅಷ್ಟರಲ್ಲಿ ನಳಿಕೆ ಆಗಲೇ ಎರಡು ಬೆರಳ ನಡುವೆ ಇತ್ತು. ಮರಿ ಬೋರಲಾಯಿತು. ಹತ್ತು ನಿಮಿಷದಲ್ಲಿ ಎಂಬತ್ತೊಂದು, ಅರ್ಧ ಗಂಟೆಯಲ್ಲಿ ತೊಂಬತ್ತು. ಗುಳಿ ಮಾಯವಾಯಿತು. ಡಾಕ್ಟರಮ್ಮನ ಚಪ್ಪಲಿಯ ಸದ್ದು ಕೇಳಿದಾಗ ಮತ್ತೆ ಅಂಗಾತ ಮಾಡಿ, ಏನೂ ಅರಿಯದವಳಂತೆ ಸ್ಟೂಲಿನ ಮೇಲೆ ಕೂತಳು.

ಸಂಜೆ ಹೇಗೂ ಸಾಯುವ ಮರಿಗೆ ಈ ಉಪಚಾರ ಯಾಕೆ ಎಂದು ನೀವು ಕೇಳಬಹುದು. ಆಕೆಯೂ ತನ್ನನ್ನು ಕೇಳಿಕೊಂಡಿದ್ದಳು. ಸಾಯುವುದು ಸಾಯಲಿ, ಒದ್ದಾಡಿ ಯಾಕೆ ಸಾಯಬೇಕು ಎಂಬುದು ಆಕೆಯ ಉತ್ತರ. ಒಡಹುಟ್ಟಿದ ಎರಡರಲ್ಲಿ ಒಂದು ಹಾಯಾಗಿರುವಾಗ ಇನ್ನೊಂದು ಯಾಕೆ ಕಷ್ಟಪಡಬೇಕು ಎಂಬುದೂ ಇತ್ತು. ಹಾಗೆ ಹನ್ನೆರಡು ಕುರಿಗಳ ಇಪ್ಪತ್ತನಾಲ್ಕು ಮರಿಗಳಲ್ಲಿ ಹತ್ತನ್ನು ಆಕೆ ತಿರುಗಿಸಿದಳು. ಪುಸ್ತಕದಲ್ಲಿ ನಂಬರುಗಳನ್ನೆಲ್ಲ ಪ್ರಾಮಾಣಿಕವಾಗಿ ಬರೆದಳು. ತಿರುಗಿಸಿದ್ದನ್ನು ಮಾತ್ರ ಬರೆಯಲಿಲ್ಲ. "ಮಧ್ಯಾಹ್ನದ ಹೊತ್ತಿಗೆ ಚೇತರಿಸ್ಕೊಳ್ತವೆ ನೋಡಿ, ಬಹುಶಃ ಮೈ ಬೆಚ್ಚಗಾಗುತ್ತಲ್ಲ ಅದಕ್ಕೆ" ಎಂದು ಡಾಕ್ಟರಮ್ಮ ತಮ್ಮಷ್ಟಕ್ಕೆ ಸಮಾಧಾನ ಮಾಡಿಕೊಂಡರು. ದೊಡ್ಡಮ್ಮ ತಲೆಯಾಡಿಸಿದಳು. ಸುಳ್ಳು ಹೇಳಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು, ಆದರೆ ಮನಸ್ಸು ಒಪ್ಪಲಿಲ್ಲ.

ಲಕೋಟೆ ಒಡೆದ ದಿನ ಪ್ರಾಣಿಮನೆಯ ಕಾರಿಡಾರ್ ಒರೆಸುತ್ತಿದ್ದಳು. ಆಫೀಸಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಡಾಕ್ಟರಮ್ಮನ ದನಿ ಒಡೆದುಹೋಗಿತ್ತು.

"ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ ಸಾರ್. ಔಷಧಿ ಕೊಟ್ಟ ಮರಿಗಳು ಚೆನ್ನಾಗೇ ಇವೆ. ಆದ್ರೆ ಉಪ್ಪುನೀರು ಕೊಟ್ಟ ಮರಿಗಳೂ ಚೆನ್ನಾಗಿವೆ. ಅವು ಯಾಕೆ ಚೆನ್ನಾಗಿವೆ ಅಂತಲೇ ನನಗೆ ಗೊತ್ತಾಗ್ತಿಲ್ಲ."

"ಔಷಧಿ ಕೆಲಸ ಮಾಡಲ್ಲ ಅಂತಾಯ್ತು. ಆಗುತ್ತೆ. ಮುಂದಿನ ವಾರ ಕಮಿಟಿಗೆ ಬರೆದು ಫೈಲ್ ಮುಚ್ಚಿಬಿಡಿ" ಎಂದರು ದೊಡ್ಡ ಸಾಹೇಬರು.

ದೊಡ್ಡಮ್ಮನ ಕೈಯಲ್ಲಿದ್ದ ಒರೆಸುವ ಕೋಲು ನಿಂತಿತು. ಓದಿದ್ದು ಏಳನೇ ಇಯತ್ತೆಯಾದರೂ ಆಕೆಯ ತಲೆ ಚುರುಕು. ಯಾವ ಮರಿ ಒದ್ದಾಡುತ್ತದೆ? ಔಷಧಿ ಸಿಗದ ಮರಿ. ತಾನು ತಿರುಗಿಸಿದ್ದು ಯಾವುದನ್ನು? ಒದ್ದಾಡುವ ಮರಿಯನ್ನು. ತಿರುಗಿಸಿದ ಮರಿಗೆ ಔಷಧಿ ಇಲ್ಲದೆಯೂ ಬಾವು ಕಡಿಮೆ. ಮೂರು ಮೆಟ್ಟಿಲಿನ ಲೆಕ್ಕ. ಬಕೆಟ್ಟಿನ ನೀರು ಹೊರಗೆ ಚೆಲ್ಲಿ, ಕೊಟ್ಟಿಗೆಗೆ ಹೋಗಿ, ಕುರಿಗಳ ನಡುವೆ ನೆಲಕ್ಕೆ ಕುಸಿದು ಕೂತಳು.

ಮನೆಯಲ್ಲಿ ಎಲ್ಲ ಹೇಳಿಕೊಂಡಳು. ಗಂಡ ಬಾಗಿಲ ಹೊರಗೆ ಮರ ಉಜ್ಜುತ್ತ ಕೇಳಿಸಿಕೊಂಡ. ಊಟಕ್ಕೆ ಬಂದಿದ್ದ ಅವನ ಅಕ್ಕ, ಅದೇ ಒಲೆಯ ಮಾತಿನವಳು, ಈಗಲೂ ಬಾಯಿ ಸುಮ್ಮನಿಡಲಿಲ್ಲ.

"ಬಾಯಿಗೆ ಬೀಗ ಹಾಕ್ಕೊಂಡಿರು. ಸರ್ವೀಸು ಇನ್ನೆರಡು ವರ್ಷ ಇದೆ. ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರೆ ಏನ್ಮಾಡ್ತೀಯ? ನೀನು ತಿರುಗ್ಸಿದ್ದನ್ನ ಕುರಿ ಬಂದು ಹೇಳುತ್ತಾ?"

"ನಾನು ಹೇಳದಿದ್ರೆ ಆ ಔಷಧಿ ಕಸದ ಬುಟ್ಟಿ ಸೇರುತ್ತೆ ಅತ್ತಿಗೆ."

"ಹೇಳಿದ್ರೆ ಏನಾಗುತ್ತೆ?" ಕೇಳಿದವನು ಗಂಡ.

"ಮೊದಲಿಂದ ಮಾಡ್ತಾರೆ. ಇನ್ನೂ ಹನ್ನೆರಡು ಕುರಿ. ಇಪ್ಪತ್ತನಾಲ್ಕು ಮರಿ."

ಗಂಡ ಉಜ್ಜುವುದನ್ನು ನಿಲ್ಲಿಸಿದ. "ಒದ್ದಾಡೋ ಜೀವಕ್ಕೆ ಕೈ ಕೊಟ್ಟಿದ್ದು ತಪ್ಪು ಹೇಗಾಗುತ್ತೆ?"

"ತಪ್ಪೇ ಕಣ್ರೀ" ಎಂದಳು ದೊಡ್ಡಮ್ಮ. ಅವನು ಮತ್ತೆ ಮರ ಉಜ್ಜತೊಡಗಿದ. ಮೂವತ್ತೈದು ವರ್ಷದಿಂದ ಆ ಮೊದಲ ಕೂಸಿನ ಮಾತು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ಅಂದೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಮುಂದೆ ಹೋಗಿ ನಿಂತಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ನಿಂತೇ ಹೇಳಿದಳು. ಯಾವ ಯಾವ ಮರಿ ಎಂದು ಕೇಳಿದಾಗ ಹತ್ತನ್ನೂ ಗುರುತು ಹಿಡಿದು ಹೇಳಿದಳು: ಎರಡನೇ ಕುರಿಯ ಕಪ್ಪುಕಿವಿ, ಮೂರನೆಯದರ ಸೊಟ್ಟಮೂತಿ, ಐದನೆಯದರ ಬಲ ಮೇಜಿನ ಹೆಣ್ಣು, ಹೀಗೆ. ಡಾಕ್ಟರಮ್ಮ ಲಕೋಟೆಯ ಹಾಳೆ ತೆಗೆದು ಒಂದೊಂದಕ್ಕೂ ಪೆನ್ಸಿಲಿನಿಂದ ಗುರುತು ಹಾಕಿದರು. ಹತ್ತರಲ್ಲಿ ಒಂಬತ್ತು ಉಪ್ಪುನೀರಿನವು.

ಡಾಕ್ಟರಮ್ಮ ಆ ಒಂಬತ್ತನ್ನು ಮತ್ತೊಮ್ಮೆ ಎಣಿಸಿದರು.

"ಹಾಗಾದ್ರೆ ಔಷಧಿ ಕೆಲಸ ಮಾಡ್ತಾ ಇದೆ" ಎಂದರು ಕೊನೆಗೆ. ಖುಷಿಯಿಂದ ಹೇಳಿದ ಮಾತಲ್ಲ.

"ಹಾಗಂತ ಬರೆದುಬಿಡಿ ಅಮ್ಮಾ. ನಾನೇ ಸಾಕ್ಷಿ."

"ನಿಮ್ಮ ಮಾತು ನನಗೆ ಸಾಕು. ಬೇರೆ ಯಾರಿಗೂ ಸಾಕಾಗಲ್ಲ. ಕೆಟ್ಟ ಲೆಕ್ಕದ ಮೇಲೆ ಒಂದು ಕೂಸಿನ ಬಾಯಿಗೆ ಔಷಧಿ ಹಾಕೋಕೆ ಆಗುತ್ತಾ?" ಕನ್ನಡಕ ತೆಗೆದು, "ಆ ಇಪ್ಪತ್ತನಾಲ್ಕೂ ಸುಮ್ಮನೆ ಸತ್ತವು ದೊಡ್ಡಮ್ಮ" ಎಂದರು.

ಬೈದಿದ್ದರೆ ಸಹಿಸುತ್ತಿದ್ದಳು. ಈ ಮಾತು ಎದೆಗೆ ನಾಟಿತು. ಒದ್ದಾಟ ಕಡಿಮೆ ಮಾಡಲು ಹೋಗಿ ಅವುಗಳ ಸಾವನ್ನೇ ಕೆಲಸಕ್ಕೆ ಬಾರದಂತೆ ಮಾಡಿದ್ದಳು. ಅಂದು ಸಂಜೆಯವರೆಗೂ ಕೊಟ್ಟಿಗೆಯಲ್ಲಿ ಅತ್ತಳು, ಯಾರೂ ಬಂದು ಬೆನ್ನು ಸವರಲಿಲ್ಲ.

ವಿಚಾರಣೆ ನಡೆಯಿತು. ಸರ್ವೀಸ್ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬಿತ್ತು. ಕೆಲಸದಿಂದ ತೆಗೆಯುವ ಮಾತು ಎದ್ದಾಗ, "ಮುಟ್ಟಬೇಡಿ ಅಂತ ಬರೆದು ಹಾಕಿದ್ದೆ, ಯಾಕೆ ಅಂತ ಹೇಳಿರ್ಲಿಲ್ಲ. ಒಬ್ಬರನ್ನೇ ಬಿಟ್ಟು ಹೋಗ್ತಿದ್ದದ್ದೂ ನಾನೇ. ಅರ್ಧ ತಪ್ಪು ನನ್ನದು" ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಹಾಗೆಂದು ದೊಡ್ಡಮ್ಮನ ಜೊತೆ ಮೊದಲಿನಂತೆ ಮಾತಾಡಿದರು ಎಂದಲ್ಲ. ಊಟದ ಡಬ್ಬಿ ಈಗ ಸಂಜೆವರೆಗೂ ಮುಚ್ಚಿಯೇ ಇರುತ್ತಿತ್ತು. ಎರಡನೇ ಸುತ್ತಿಗೆ ಅನುಮತಿ ಸಿಕ್ಕಿತು. ದೊಡ್ಡ ಸಾಹೇಬರು ದೊಡ್ಡಮ್ಮನನ್ನು ಮೇವಿನ ಗೋದಾಮಿಗೆ ಹಾಕುತ್ತೇನೆ ಎಂದರು.

"ಸ್ಟೂಲಿನ ಮೇಲೆ ನಾನೇ ಕೂರ್ತೀನಿ ಸಾರ್" ಎಂದಳು.

ಅವರು ಹುಬ್ಬೇರಿಸಿದರು. "ನಿಮ್ಮನ್ನ ಹೇಗೆ ನಂಬೋದು?"

"ಹೊಸಬಳನ್ನ ಕೂರ್ಸಿದ್ರೆ, ಅವಳಿಗೆ ಕರುಣೆ ಇಲ್ಲಾಂದ್ರೆ ನೋಡದೇ ನಂಬರ್ ಗೀಚ್ತಾಳೆ. ಕರುಣೆ ಇದ್ರೆ ಒಂದಿನ ಅವಳೂ ಕೈ ಹಾಕ್ತಾಳೆ. ನಾನು ಹಾಕಲ್ಲ. ಕೈ ಹಾಕಿದ್ರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ?"

ಡಾಕ್ಟರಮ್ಮ ಕಿಟಕಿಯ ಕಡೆ ನೋಡುತ್ತ, "ಅವರೇ ಇರಲಿ ಸಾರ್" ಎಂದರು.

ಹೊಸ ಕುರಿಗಳು ಬಂದವು. ಈ ಸಲ ಒಂದು ಮರಿಗೂ ಹೆಸರಿಡಲಿಲ್ಲ ದೊಡ್ಡಮ್ಮ. ಪೆನ್ಸಿಲು ಬಲಗೈಯಲ್ಲಿ, ಎಡಗೈ ತೊಡೆಯ ಕೆಳಗೆ. ಎಂಟು ಕುರಿಗಳ ಮರಿಗಳು ಹಾಗೇ ಕಳೆದವು. ಕೆಲವು ಚೆನ್ನಾಗಿದ್ದವು, ಕೆಲವು ಇರಲಿಲ್ಲ, ಎಲ್ಲವನ್ನೂ ಬರೆದಳು. ಮನೆಗೆ ಹೋದ ಮೇಲೆ ಎಡಗೈ ಜೋಮು ಹಿಡಿದಿರುತ್ತಿತ್ತು, ಗಂಡ ಕೇಳದೆಯೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ.

ಒಂಬತ್ತನೇ ಕುರಿಯ ದಿನ, ಡಾಕ್ಟರಮ್ಮ ರಕ್ತದ ಡಬ್ಬಿ ಹಿಡಿದು ಹೊರಟ ಸ್ವಲ್ಪ ಹೊತ್ತಿಗೇ, ಎಡ ಮೇಜಿನ ಹೆಣ್ಣುಮರಿ ಇಳಿಯತೊಡಗಿತು. ಎಂಬತ್ತು ಎಂದು ಬರೆದಳು. ಐದು ನಿಮಿಷಕ್ಕೆ ಎಪ್ಪತ್ತಮೂರು. ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದಿತು, ತುಂಬಿತು. ಮಂಪರಿನಲ್ಲಿದೆ, ಅದಕ್ಕೆ ಏನೂ ಗೊತ್ತಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ನೆನೆಸಿಕೊಂಡಳು. ಆದರೆ ಆಕೆಗೆ ಎಲ್ಲವೂ ಗೊತ್ತಾಗುತ್ತಿತ್ತು. ಅರವತ್ತಾರು. ಎರಡು ಹೆಜ್ಜೆ ಇಟ್ಟರೆ ಮೇಜು, ಎರಡು ಬೆರಳು ನಳಿಕೆಗೆ, ಇನ್ನೊಂದು ಕೈ ಸೊಂಟಕ್ಕೆ, ಹತ್ತು ನಿಮಿಷದಲ್ಲಿ ಎಂಬತ್ತರ ಮೇಲೆ ತರುತ್ತಿದ್ದಳು. ಅದು ಆಕೆಗೆ ಗೊತ್ತು. ಗೊತ್ತಿದ್ದೂ ಕೂತಿರುವುದು ಎಂಥ ಸಂಕಟ ಎಂದು ಬೇರೆಯವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಮೂರನೇ ಮಹಡಿಯಲ್ಲಿ ಅಂದು ಆಕೆಗೆ ಏನೂ ಮಾಡಲು ಬರುತ್ತಿರಲಿಲ್ಲ, ಇಂದು ಬರುತ್ತಿತ್ತು. ಅಷ್ಟೇ ವ್ಯತ್ಯಾಸ.

ಐವತ್ತೆಂಟಕ್ಕೆ ಇಳಿದಾಗ ಬೆಲ್ ಒತ್ತಿದಳು. ಡಾಕ್ಟರಮ್ಮ ಓಡುತ್ತ ಬಂದರು. ನಿಯಮದಲ್ಲಿ ಬರೆದಿದ್ದಷ್ಟನ್ನು ಮಾಡಿದರು, ಯಂತ್ರದ ಆಕ್ಸಿಜನ್ ಏರಿಸಿದರು, ನಳಿಕೆ ಪರೀಕ್ಷಿಸಿದರು. ಆಮೇಲೆ ಅವರೂ ಕೈ ಕಟ್ಟಿ ನಿಂತರು. ಇಬ್ಬರೂ ಒಂದೇ ಗುಳಿಯನ್ನು ನೋಡುತ್ತಿದ್ದರು. ನಲವತ್ತನಾಲ್ಕು. ಮೂವತ್ತು. ಆಮೇಲೆ ಗುಳಿ ಬೀಳುವುದು ನಿಂತಿತು. ಯಂತ್ರ ಮಾತ್ರ ಗಾಳಿ ಒತ್ತುತ್ತಲೇ ಇತ್ತು, ಡಾಕ್ಟರಮ್ಮ ಅದನ್ನು ಆರಿಸಿದರು.

"ಟೈಮ್ ಬರೆದ್ರಾ ದೊಡ್ಡಮ್ಮ?"

"ಬರೆದೆ."

ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದರು. "ಮುಟ್ಟಿದ್ರಾ?"

"ಇಲ್ಲ ಅಮ್ಮಾ. ಮುಟ್ಟಲಿಲ್ಲ."

ಡಾಕ್ಟರಮ್ಮ ಮರಿಯ ಬಾಯಿಂದ ನಳಿಕೆ ತೆಗೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಈಗ ಎತ್ಕೋಬಹುದು" ಎಂದರು. ಆ ಮಾತನ್ನು ಮೂವತ್ತೈದು ವರ್ಷದ ಹಿಂದೆ ಇನ್ನೊಬ್ಬಳು ಹೇಳಿದ್ದಳೆಂದು ಅವರಿಗೆ ಗೊತ್ತಿರಲಿಲ್ಲ.

ದೊಡ್ಡಮ್ಮ ತೊಡೆಯ ಕೆಳಗಿಂದ ಎಡಗೈ ತೆಗೆದಳು. ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ತೂಕದ ತಕ್ಕಡಿಯ ಮೇಲೆ ಬಟ್ಟೆ ಹಾಸಿ ಬೋರಲು ಮಲಗಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ತೂಕ ನೋಡಿ ಬರೆದಳು. ಡಾಕ್ಟರಮ್ಮ ಅದನ್ನು ಒಳಗೆ ತೆಗೆದುಕೊಂಡು ಹೋದರು.

ಬಲ ಮೇಜಿನ ಮರಿಯ ಎದೆ ಸಮನಾಗಿ ಏರಿಳಿಯುತ್ತಿತ್ತು. ಐದು ನಿಮಿಷ ಆಗಿತ್ತು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡು, ತೊಂಬತ್ತಾರು ಎಂದು ಬರೆದಳು.